ವೀರಭದ್ರನ ಎಡಭುಜದ ಇರುವೆಗಳು

ಹೋದ ತಿಂಗಳು ಒಂದು ಮುಂಜಾನೆ ನಮ್ಮ ಊಟದ ಮೇಜಿನ ಮೇಲೆ ಒಂದು ಇರುವೆ ನಡೆದು ಹೋಗುತ್ತಿತ್ತು. ಮನೆಯಲ್ಲಿ ಇರುವೆ ನಡೆಯುವುದು ಸುದ್ದಿಯೇ ಅಲ್ಲ, ಒಪ್ಪಿದೆ. ಆದರೆ ಅದು ನಡೆಯುತ್ತಿದ್ದದ್ದು ನಾನು ನಾಲ್ಕು ದಿನದ ಹಿಂದೆಯೇ ತುಂಬಿ, ಒಯ್ದು ಕೊಡುವ ಧೈರ್ಯವಾಗದೆ ಹಾಗೇ ಇಟ್ಟುಕೊಂಡಿದ್ದ ಅರ್ಜಿಯ ಮೇಲೆ. ಹಾರಬಾರದೆಂದು ಅದರ ಮೇಲೆ ಚಹಾದ ಲೋಟ ಇಟ್ಟೂ ಇಟ್ಟೂ ಮೂಲೆಯಲ್ಲಿ ದುಂಡನೆಯ ಕಲೆ ಬಿದ್ದಿತ್ತು. ಇರುವೆ ಆ ಕಲೆಗೊಂದು ಸುತ್ತು ಹಾಕಿ, ನನ್ನ ಹೆಸರನ್ನು ದಾಟಿ, 'ಜನ್ಮ ದಿನಾಂಕ' ಎಂದಿದ್ದ ಕಡೆ ಬಂದು ನಿಂತುಬಿಟ್ಟಿತು. ಅದನ್ನು ಬೈಯುವ ಹಾಗಿಲ್ಲ. ಪೆನ್ನು ಹಿಡಿದು ನಾನೂ ಅಲ್ಲೇ ಬಹಳ ಹೊತ್ತು ನಿಂತವಳು.

ಅದು ಹುಬ್ಬಳ್ಳಿಯ ಒಂದು ಲಾ ಕಾಲೇಜಿನ ಅರ್ಜಿ. ಮೂರು ವರ್ಷದ ಕೋರ್ಸು. ಕೊಡಲು ಇನ್ನು ಎರಡೇ ದಿನ ಉಳಿದಿದ್ದವು. ನನಗೆ ಅರವತ್ತು. ಧಾರವಾಡದ ಒಂದು ಕನ್ನಡ ಶಾಲೆಯಿಂದ ನಿವೃತ್ತಳಾಗಿ, ಹಾರ, ಶಾಲು ಮತ್ತು ಒಂದು ಗೋಡೆ ಗಡಿಯಾರ ಹೊತ್ತುಕೊಂಡು ಮನೆಗೆ ಬಂದು ಇನ್ನೂ ಮೂರು ತಿಂಗಳಾಗಿರಲಿಲ್ಲ. ಇನ್ನು ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋಗಬೇಕಿಲ್ಲದವರಿಗೆ ಗಡಿಯಾರ ಯಾಕೆ ಕೊಡುತ್ತಾರೋ ನನಗಂತೂ ತಿಳಿದಿಲ್ಲ. ಅದು ಟಿಕ್ ಟಿಕ್ ಎನ್ನುವಾಗಲೆಲ್ಲ ಯಾರೋ ನನ್ನನ್ನು ಎಣಿಸುತ್ತಿದ್ದಾರೆ ಅನ್ನಿಸಿ, ಎರಡನೆಯ ವಾರಕ್ಕೇ ಅದರ ಸೆಲ್ಲು ತೆಗೆದು ಟಿವಿ ರಿಮೋಟಿಗೆ ಹಾಕಿದೆ.

ಅರ್ಜಿ ತರಲು ಹೋದ ದಿನದ ಕಥೆ ಹೇಳಿಬಿಡುತ್ತೇನೆ. ಕಿಟಕಿಯೊಳಗಿನ ಗುಮಾಸ್ತರು ಒಳ್ಳೆಯವರೇ. ತಲೆ ಎತ್ತದೆ "ಅಡ್ಮಿಶನ್ ಯಾರದ್ರಿ, ಮಗಳದಾ?" ಎಂದರು. ಅಲ್ಲ ಎಂದೆ. ಆಗ ತಲೆ ಎತ್ತಿ ನನ್ನ ಕೂದಲು ನೋಡಿ, "ಮೊಮ್ಮಗಳದೇನ್ರಿ?" ಎಂದು ಸರಿಪಡಿಸಿಕೊಂಡರು.

"ನಂದ ರೀ," ಎಂದೆ.

ಅವರು ಕನ್ನಡಕ ಒರೆಸಿಕೊಂಡು, ಒಂದು ಪುಸ್ತಕ ತೆಗೆದು, ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿದರು. "ವಯಸ್ಸಿನ ಮಿತಿ ಅಂತ ಏನೂ ಇಲ್ಲ ಬಿಡ್ರಿ," ಎಂದು, ಇದ್ದಿದ್ದರೆ ಇಬ್ಬರಿಗೂ ಛಲೋ ಇತ್ತು ಎನ್ನುವ ಧಾಟಿಯಲ್ಲಿ ಅರ್ಜಿ ಕೊಟ್ಟರು. ನನ್ನ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು "ಆಂಟಿ, ಸೂಪರ್ ರೀ" ಎಂದಳು. ಸೂಪರ್ ಎಂದವಳಿಗೇ ನಾನು ಹೆಚ್ಚು ಹೆದರಿದೆ. ಗುಮಾಸ್ತರ ಮುಂದೆ ನನಗೆ ಹಟ ಇತ್ತು, ಆದರೆ ಆ ಹುಡುಗಿಯ ಪಕ್ಕದ ಬೆಂಚಿನಲ್ಲಿ ಕೂತು, ಸೆಕ್ಷನ್ನುಗಳನ್ನು ಬಾಯಿಪಾಠ ಮಾಡಿ, ಅವಳು ಪಾಸಾಗಿ ನಾನು ನಪಾಸಾದರೆ ಏನು ಗತಿ ಎಂಬುದು ಬಸ್ಸು ಹತ್ತಿದ ಮೇಲೆ ತಲೆಗೆ ಬಂತು. ಅಲ್ಲಿಂದ ಅರ್ಜಿ ಚಹಾದ ಲೋಟದ ಕೆಳಗೆ ಸೇರಿತು.

ಸುದ್ದಿ ಮಾತ್ರ ಲೋಟದ ಕೆಳಗೆ ಕೂರಲಿಲ್ಲ. ಬೆಳಗಿನ ವಾಕಿಂಗಿನಲ್ಲಿ ಸಿಕ್ಕವರೆಲ್ಲ "ಏನ್ ಮಾಡೂದೈತ್ರಿ ಟೀಚರ್ ಈಗ ಅದನ್ನ ತಗೊಂಡು?" ಎಂದು ಕೇಳಿದರು. ನೋಡಿ, ಈ ಪ್ರಶ್ನೆಗೆ ನನಗೆ ಸಿಟ್ಟು ಬರುತ್ತದೆ. ಅರವತ್ತಕ್ಕೆ ಮೊಣಕಾಲು ನೋವು ತಗೊಂಡು ಏನು ಮಾಡುತ್ತೀರಿ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಸಕ್ಕರೆ ಕಾಯಿಲೆ ತಗೊಂಡವರಿಗೆ ಉಪಯೋಗ ಏನೆಂದು ಕೇಳುವುದಿಲ್ಲ. ಕಲಿಯುತ್ತೇನೆ ಎಂದವರಿಗೆ ಮಾತ್ರ ಲೆಕ್ಕ ಒಪ್ಪಿಸಬೇಕು. ನಮ್ಮ ಮನೆಯವರು ಒಬ್ಬರೇ ಏನೂ ಕೇಳಲಿಲ್ಲ. ಅಂಚೆ ಕಚೇರಿಯಲ್ಲಿ ಇದ್ದು ನಿವೃತ್ತರಾದವರು, ಜನ್ಮದಲ್ಲಿ ಹೆಚ್ಚು ಮಾತಾಡಿದವರಲ್ಲ. ಪೇಪರು ಮಡಿಸಿಟ್ಟು, "ಡಬ್ಬಿಗೆ ಎರಡು ಚಪಾತಿ ಸಾಕೋ, ಮೂರು ಬೇಕೋ?" ಎಂದರು. ಅಷ್ಟೇ.

ಮಾಳಮಡ್ಡಿಯ ಹಳೆಯ ಮನೆಯಲ್ಲಿರುವ ನಮ್ಮ ಅಣ್ಣ ಹಾಗಲ್ಲ. ಇರುವೆ ಬಂದ ಆ ಮುಂಜಾನೆಯೇ ಅವನ ಫೋನು ಬಂತು.

"ನೀಲಾ, ಮೊದಲ ಸತ್ತೂರ ದವಾಖಾನಿಗೆ ಹೋಗಿ ಬಿ.ಪಿ. ತೋರಿಸ್ಕೊಂಡ್ ಬಾ. ಆಮ್ಯಾಲೆ ಲಾ ಕಾಲೇಜಿನ ಮಾತು."

"ಬಿ.ಪಿ. ನಿಂದು ಅಣ್ಣಾ, ನಂದಲ್ಲ."

"ಅದ ಹೇಳಾಕತ್ತೇನಿ. ನಿನ್ನ ಸಲುವಾಗಿ ನಂದು ಏರಾಕತ್ತೈತಿ." ಆಮೇಲೆ ದನಿ ಇಳಿಸಿ ಹೇಳಿದ, "ನಾಳಿ ಮುಂಜಾನೆ ಮನಿಗೆ ಬಾ. ಪ್ರಸಾದ ಕೇಳೂಣ. ಬಲಕ್ಕ ಕೊಟ್ಟರ ನಾ ಬಾಯಿ ತೆಗ್ಯಾಂಗಿಲ್ಲ."

ನಾನು ಅರ್ಜಿ ನೋಡಿದೆ. ಇರುವೆ ಹೋಗಿತ್ತು. ಪ್ರಸಾದ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನಗೆ ಬೇರೆಯೇ ಇರುವೆಗಳ ನೆನಪಾಯಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮದು ವೀರಭದ್ರನ ಒಕ್ಕಲು. ದೇವರ ಜಗಲಿಯ ಮೇಲೆ ಮೊಳದುದ್ದದ ಹಿತ್ತಾಳೆಯ ವೀರಭದ್ರ, ಕೈಯಲ್ಲಿ ಖಡ್ಗ, ದೊಡ್ಡ ಮೀಸೆ. ಮನೆಯಲ್ಲಿ ಏನಾದರೂ ನಿರ್ಧಾರ ಆಗಬೇಕೆಂದರೆ ಪೂಜೆ ಮುಗಿದ ಮೇಲೆ ಎರಡು ಮಲ್ಲಿಗೆ ಹೂವನ್ನು ನೀರಲ್ಲಿ ಅದ್ದಿ ಅವನ ಎರಡು ಭುಜಕ್ಕೆ ಅಂಟಿಸಬೇಕು. ಮನಸ್ಸಿನಲ್ಲಿದ್ದದ್ದನ್ನು ಕೇಳಿಕೊಂಡು ಕೈಮುಗಿದು ನಿಲ್ಲಬೇಕು. ಬಲಭುಜದ ಹೂ ಮೊದಲು ಬಿದ್ದರೆ ಅಪ್ಪಣೆಯಾಯಿತು ಎಂದರ್ಥ, ಎಡಭುಜದ್ದು ಬಿದ್ದರೆ ಬೇಡ ಎಂದರ್ಥ. ಇದಕ್ಕೆ ಪ್ರಸಾದ ಕೇಳುವುದು ಎನ್ನುತ್ತಾರೆ. ಊರೂರಿನ ಗುಡಿಗಳಲ್ಲಿ ಇದು ನಡೆಯುತ್ತದೆ, ಆದರೆ ನಮ್ಮ ಮನೆಯಲ್ಲಿ ನಡೆದಷ್ಟು ಎಲ್ಲೂ ನಡೆದಿರಲಾರದು. ನಮ್ಮ ಅಜ್ಜ ಹುಬ್ಬಳ್ಳಿಯಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದವನು. ಪೇಟೆಯಲ್ಲಿ ಸಿಂಹ, ಮನೆಯಲ್ಲಿ ಎಮ್ಮೆ ಕೊಳ್ಳಬೇಕೆಂದರೂ ವೀರಭದ್ರನೇ ಹೇಳಬೇಕು. ಅಂಗಡಿಗೆ ಬಣ್ಣ ಹಚ್ಚಲು ಪ್ರಸಾದ. ಬೀಗರ ಮನೆಗೆ ಹೋಗಲು ಪ್ರಸಾದ. ಹೋದಮೇಲೆ ಊಟ ಮಾಡಬೇಕೋ ಬಾರದೋ ಎಂಬುದನ್ನು ಮಾತ್ರ ಅಜ್ಜ ಸ್ವಂತ ಬುದ್ಧಿಯಿಂದ ತೀರ್ಮಾನಿಸುತ್ತಿದ್ದ.

ಬಲ ಎಂದರೆ ಯಾರ ಬಲ ಎಂಬ ತಕರಾರು ಬೇರೆ ಇತ್ತು. ದೇವರು ನಮ್ಮ ಕಡೆ ಮುಖ ಮಾಡಿ ನಿಂತವನು, ಅವನ ಬಲ ನಮಗೆ ಎಡ. ನಮ್ಮ ಕಾಕಾ ಒಮ್ಮೆ ಹಳೆಯ ಸ್ಕೂಟರ್ ಕೊಳ್ಳಲು ಹೊರಟಾಗ ಹೂ ಬಿತ್ತು. ಕಾಕಾ "ಬಲಕ್ಕ ಕೊಟ್ಟ!" ಎಂದು ಕುಣಿದ. ಆಯಿ, ಅಂದರೆ ನಮ್ಮ ಅಜ್ಜಿ, "ಅದು ನಿನ್ನ ಬಲ ಅಪ್ಪಾ, ಅವನ ಎಡ," ಎಂದಳು. ಕಾಕಾ ಕೇಳಲಿಲ್ಲ, ಕೊಂಡ. ಆ ಸ್ಕೂಟರ್ ಧಾರವಾಡದ ಇಳಿಜಾರುಗಳನ್ನೆಲ್ಲ ಖುಷಿಯಿಂದ ಇಳಿಯುತ್ತಿತ್ತು, ಒಂದು ಏರನ್ನೂ ಹತ್ತುತ್ತಿರಲಿಲ್ಲ. ನಮ್ಮ ಊರಿನಲ್ಲಿ ಇಳಿಜಾರು ಎಷ್ಟಿವೆಯೋ ಏರೂ ಅಷ್ಟೇ ಇವೆಯಲ್ಲ. ಕಾಕಾ ಅದನ್ನು ಎರಡು ವರ್ಷ ತಳ್ಳಿದ. ಅಂದಿನಿಂದ ಮನೆಯಲ್ಲಿ ದೇವರ ಬಲವೇ ಬಲ ಎಂದು ಇತ್ಯರ್ಥವಾಯಿತು.

ಹೂ ಅಂಟಿಸುವ ಅಧಿಕಾರ ಆಯಿಯದು. ಅದೊಂದೇ ಅಧಿಕಾರ ಅವಳದು. ಉಳಿದದ್ದೆಲ್ಲ ಗಂಡಸರದು. ಅವರು ಪಡಸಾಲೆಯಲ್ಲಿ ಕೂತು ಗಂಟೆಗಟ್ಟಲೆ ಚರ್ಚೆ ಮಾಡುವಾಗ ಆಯಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಅಭಿಪ್ರಾಯ ಏನೆಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಕಡೆಗೆ ಅಜ್ಜ ದಣಿದು "ಏ, ಪ್ರಸಾದ ಕೇಳಿಬಿಡು" ಎನ್ನುತ್ತಿದ್ದ. ಆಯಿ ಕೈ ತೊಳೆದು, ನೈವೇದ್ಯದ ಬೆಲ್ಲದ ಬಟ್ಟಲು ಹಿಡಿದು ಜಗಲಿಯ ಮುಂದೆ ಬರುತ್ತಿದ್ದಳು. ಅಜ್ಜ ಕಣ್ಣು ಮುಚ್ಚುತ್ತಿದ್ದ. ಎಲ್ಲರೂ ಮುಚ್ಚಬೇಕು. ಕಣ್ಣು ತೆರೆಯುವ ಹೊತ್ತಿಗೆ ಹೂ ಬಿದ್ದಿರುತ್ತಿತ್ತು.

ನಾನು ಸಣ್ಣವಳಿದ್ದಾಗ ಒಂದು ವಿಷಯ ಗಮನಿಸಿದ್ದೆ. ಪ್ರಸಾದ ಆದ ದಿನ ಮಧ್ಯಾಹ್ನ ವೀರಭದ್ರನ ಎಡಭುಜಕ್ಕೆ ಇರುವೆ ಹತ್ತಿರುತ್ತಿದ್ದವು. ಜಗಲಿಯ ಸಂದಿನಿಂದ ಹೊರಟು, ಖಡ್ಗದ ಪಕ್ಕ ಸಾಲಾಗಿ ಏರಿ, ಎಡಭುಜದ ಮೇಲೆ ಸಂತೆ ನೆರೆಸುತ್ತಿದ್ದವು. ಬಲಭುಜದ ಕಡೆ ಒಂದೂ ಸುಳಿಯುತ್ತಿರಲಿಲ್ಲ. ಯಾವಾಗಲಾದರೊಮ್ಮೆ, ದೇವರು ಬೇಡ ಎಂದ ದಿನ, ಬಲಭುಜಕ್ಕೆ ಹತ್ತುತ್ತಿದ್ದವು.

"ಆಯಿ, ಇರುವಿ ಯಾಕ ಅಲ್ಲೇ ಹತ್ತತಾವು?" ಎಂದು ಕೇಳಿದೆ.

"ಅವಕ್ಕೂ ಭಕ್ತಿ ಇರತೈತವ್ವಾ," ಎಂದಳು.

ಎಂಥ ಸಮಾಧಾನದ ಉತ್ತರ! ನಾನು ಎಷ್ಟೋ ದಿನ ಇರುವೆಗಳನ್ನು ಕಂಡರೆ ಕಾಲು ಸರಿಸಿ ದಾರಿ ಬಿಡುತ್ತಿದ್ದೆ.

ಆ ಹೂಗಳಿಂದ ನಮ್ಮ ಮನೆಯಲ್ಲಿ ಏನೆಲ್ಲ ಆಯಿತು ಎಂದು ನೆನೆದರೆ ಇವತ್ತೂ ಆಶ್ಚರ್ಯವಾಗುತ್ತದೆ. ಅಜ್ಜನಿಗೆ ಹುಬ್ಬಳ್ಳಿಯ ಕಮರಿಪೇಟೆಯ ಎರಡು ಕೋಣೆ ಬಿಟ್ಟು ಬರಲು ಸುತರಾಂ ಮನಸ್ಸಿರಲಿಲ್ಲ. ಅಂಗಡಿ ಹತ್ತಿರ, ಗೆಳೆಯರು ಹತ್ತಿರ. ಹೂ ಬಲಕ್ಕೆ ಬಿತ್ತು, ಸಂಸಾರ ಧಾರವಾಡದ ಮಾಳಮಡ್ಡಿಗೆ ಬಂತು, ಮನೆಯ ಹೆಣ್ಣುಮಕ್ಕಳಿಗೆ ಶಾಲೆ ಕೂಗಳತೆಗೆ ಸಿಕ್ಕಿತು. ಸೊಸೆಯಾಗಿ ಬಂದ ನಮ್ಮ ಅವ್ವ ಟ್ರೇನಿಂಗ್ ಮುಗಿಸಿ ಮಾಸ್ತರಿಣಿ ಆಗುತ್ತೇನೆ ಎಂದಾಗ ಪಡಸಾಲೆಯಲ್ಲಿ ದೊಡ್ಡ ಗದ್ದಲವಾಯಿತಂತೆ. ಹೂ ಬಲಕ್ಕೆ ಬಿತ್ತು. ನಮ್ಮ ಸಣ್ಣ ಅತ್ತೆಗೆ ಹೊಲ, ಗಾಡಿ, ಬಂಗಾರದ ಗುಂಡಿಯ ಅಂಗಿ ಎಲ್ಲ ಇದ್ದ ವರ ಬಂದ. ಅಜ್ಜನಿಗೆ ಬಾಯಲ್ಲಿ ನೀರು. ಆ ವರ ಅಂಗಳದಲ್ಲಿ ಮಲಗಿದ್ದ ನಾಯಿಗೆ ಸುಮ್ಮಸುಮ್ಮನೆ ಒದ್ದದ್ದನ್ನು ಆಯಿ ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ಹೂ ಎಡಕ್ಕೆ ಬಿತ್ತು. ಅಜ್ಜ ತಡೆಯಲಾರದೆ ಮತ್ತೆ ಕೇಳಿಸಿದ. ಮತ್ತೆ ಎಡಕ್ಕೆ. ಅತ್ತೆ ಮುಂದೆ ನರ್ಸ್ ಆಗಿ, ತಾನೇ ಮೆಚ್ಚಿದ ಕಂಪೌಂಡರ್ ಒಬ್ಬನನ್ನು ಮದುವೆಯಾಗಿ, ಇವತ್ತಿಗೂ ಫೋನಿನಲ್ಲಿ ನನ್ನ ಕಿವಿ ತೂತಾಗುವಷ್ಟು ನಗುತ್ತಾಳೆ.

ಇಂಥ ಮನೆಯಲ್ಲಿ ನಾನು ಬೆಳೆದೆ. ಬಹಳ ವಾದ ಮಾಡುತ್ತಿದ್ದೆ. ಉಪ್ಪಿನಕಾಯಿ ಭರಣಿ ಒಡೆದದ್ದು ನಾನಲ್ಲ ಎಂದು ಸಾಧಿಸಲು ಸಾಕ್ಷಿಗೆ ಬೆಕ್ಕನ್ನು ಎತ್ತಿಕೊಂಡು ಬಂದದ್ದಕ್ಕೆ ಅಪ್ಪ ನನಗೆ 'ವಕೀಲವ್ವ' ಎಂದು ಹೆಸರಿಟ್ಟ. ಭರಣಿ ಒಡೆದದ್ದು ನಾನೇ, ಅದು ಬೇರೆ ಮಾತು. ಬಿ.ಎ. ಮುಗಿದಾಗ ನಾನು ಅದೇ ಹೆಸರನ್ನು ಎತ್ತಿಕೊಂಡು ಪಡಸಾಲೆಯಲ್ಲಿ ನಿಂತೆ. ಲಾ ಓದುತ್ತೇನೆ, ಕೋರ್ಟಿಗೆ ಹೋಗುತ್ತೇನೆ ಎಂದೆ. ಅಪ್ಪ ನಕ್ಕ. ಅಜ್ಜ ನಗಲಿಲ್ಲ. ಚರ್ಚೆ ಮೂರು ದಿನ ನಡೆಯಿತು. ಮೂರನೆಯ ದಿನ ಅಜ್ಜ ಎಂದಿನಂತೆ 'ಪ್ರಸಾದ ಕೇಳಿಬಿಡು' ಎಂದ. ನನಗೆ ಚಿಂತೆಯೇ ಇರಲಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳ ಪಾಲಿಗೆ ವೀರಭದ್ರ ಎಂದೂ ಕೈಬಿಟ್ಟವನಲ್ಲ.

ಹೂ ಎಡಕ್ಕೆ ಬಿತ್ತು.

ಆ ಮಧ್ಯಾಹ್ನ ಅಳುತ್ತ ಜಗಲಿಯ ಮುಂದೆ ಕೂತಿದ್ದೆ. ಅತ್ತೂ ಅತ್ತೂ ಬೇಜಾರಾಗಿ ದೇವರನ್ನು ದಿಟ್ಟಿಸಿ ನೋಡಿದೆ. ಇರುವೆಗಳು ಎಡಕ್ಕೂ ಇರಲಿಲ್ಲ, ಬಲಕ್ಕೂ ಇರಲಿಲ್ಲ. ನನ್ನ ಸಲುವಾಗಿ ಇರುವೆಗಳೂ ಬರಲಿಲ್ಲ ಎಂದು ಇನ್ನಷ್ಟು ಅತ್ತೆ. ಮರುವರ್ಷ ಬಿ.ಎಡ್. ಸೇರಿದೆ, ಟೀಚರ್ ಆದೆ.

ಕೆಟ್ಟ ಟೀಚರ್ ಆಗಲಿಲ್ಲ, ಜಂಬದಿಂದಲೇ ಹೇಳುತ್ತೇನೆ. ಆದರೆ ನನ್ನ ತರಗತಿಯಲ್ಲಿ ಪಾಠಕ್ಕಿಂತ ವಿಚಾರಣೆ ಹೆಚ್ಚು. ಒಂದು ಪೆನ್ಸಿಲ್ ಕಳೆದರೆ ವಾದಿ, ಪ್ರತಿವಾದಿ, ಕಣ್ಣಾರೆ ಕಂಡವರು, ಕಿವಿಯಾರೆ ಕೇಳಿದವರು ಎಲ್ಲರ ಹೇಳಿಕೆ ಆಗಬೇಕು. ಒಮ್ಮೆ ನಮ್ಮ ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿ, "ತೀರ್ಪು ಛಲೋ ಕೊಟ್ಟೀರಿ ಟೀಚರ್. ಸಂಧಿ ಸಮಾಸ ಯಾವಾಗ ಹೇಳ್ತೀರಿ?" ಎಂದರು.

ನೌಕರಿಗೆ ಸೇರಿ ಕೆಲವು ವರ್ಷಗಳಾದ ಮೇಲೆ ಒಂದು ಬೇಸಿಗೆ ರಜೆಯಲ್ಲಿ ಮಾಳಮಡ್ಡಿಗೆ ಹೋಗಿದ್ದೆ. ಅಜ್ಜ ಆಗಲೇ ತೀರಿಕೊಂಡಿದ್ದ. ಆಯಿ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಕಡಲೆ ಹಸನು ಮಾಡುತ್ತಿದ್ದಳು, ನಾನು ಪಕ್ಕದಲ್ಲಿ ಉತ್ತರಪತ್ರಿಕೆ ನೋಡುತ್ತಿದ್ದೆ. ಯಾರೋ ಕರಿ ಕೋಟಿನ ಹೆಣ್ಣುಮಗಳು ಕೈಯಲ್ಲಿ ಕಡತ ಹಿಡಿದು ರಸ್ತೆಯಲ್ಲಿ ಹೋದಳು. ಆಯಿಯ ಕೈ ಮೊರದಲ್ಲಿ ನಿಂತುಬಿಟ್ಟಿತು. ಅವಳು ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ಆಮೇಲೆ ನನ್ನ ಕಡೆ ನೋಡದೆ ಹೇಳಿದಳು.

"ಉಳಿದವರಿಗೆಲ್ಲಾ ಬೆಲ್ಲಾ ಹಚ್ಚೇನಿ. ನಿನಗೊಬ್ಬಾಕಿಗೆ ಹಚ್ಚಲಿಲ್ಲವ್ವಾ."

ನನಗೆ ಅರ್ಥವಾಗಲಿಲ್ಲ. ಆಯಿ ತನ್ನ ಹೆಬ್ಬೆರಳು ಎತ್ತಿ ತೋರಿಸಿದಳು. ನೈವೇದ್ಯದ ಬೆಲ್ಲವನ್ನು ಬೆರಳ ತುದಿಗೆ ಸವರಿಕೊಂಡು, ಬೀಳಬಾರದ ಹೂವಿನ ಹಿಂದೆ ಹಚ್ಚಿ ಒತ್ತಿದರೆ ಮುಗಿಯಿತು. ಅದು ಅಂಟಿಕೊಂಡಿರುತ್ತದೆ, ಬರೀ ನೀರಿನ ಹೂ ಬೀಳುತ್ತದೆ. ಕಮರಿಪೇಟೆ ಬಿಟ್ಟದ್ದು ಬೆಲ್ಲ. ಅವ್ವ ಮಾಸ್ತರಿಣಿ ಆದದ್ದು ಬೆಲ್ಲ. ನಾಯಿಗೆ ಒದ್ದವನನ್ನು ಅಂಗಳದಿಂದಾಚೆ ಕಳಿಸಿದ್ದು ಎರಡು ಸಲದ ಬೆಲ್ಲ. ಇರುವೆಗಳ ಭಕ್ತಿ ನನಗೆ ಆ ಕ್ಷಣ ಪೂರ್ತಿ ತಿಳಿಯಿತು.

"ಮತ್ತ ನನಗ ಯಾಕ ಹಚ್ಚಲಿಲ್ಲ ಆಯಿ?"

"ಅಂಜಿಕಿ ಬಂತು." ಆಯಿ ಕಡಲೆಯಲ್ಲಿ ಇಲ್ಲದ ಹರಳು ಹುಡುಕಿದಳು. "ಸಾಲಿ ನೋಡಿದ್ದೆ, ದವಾಖಾನಿ ನೋಡಿದ್ದೆ. ಅಲ್ಲೆಲ್ಲಾ ಹೆಣಮಕ್ಕಳು ಇದ್ದರು. ಕೋರ್ಟಿನ ಮೆಟ್ಟಲಾ ಹತ್ತಿದ ಹೆಣಮಗಳನ್ನ ನಾ ಒಬ್ಬಾಕಿನ್ನೂ ನೋಡಿದ್ದಿಲ್ಲ. ನೋಡಿದ್ದಕ್ಕ ಧೈರ್ಯ ಮಾಡೂದು ಸಸಾರ ಐತವ್ವಾ. ನೋಡಲಾರದ್ದಕ್ಕ ನನ್ನ ಬೆರಳು ಏಳಲಿಲ್ಲ. ಅವನs ನೋಡ್ಕೊಳ್ಳಲಿ ಅಂತ ಬಿಟ್ಟೆ. ಜನ್ಮದಾಗ ಅದೊಂದs ಸಲ ಖರೇ ಪ್ರಸಾದ ಕೇಳಿದ್ದು. ಎಡಕ್ಕ ಹಾಕಿದ್ದು ಅವ ಅಲ್ಲ, ಕೈ ಹಿಂದಕ್ಕ ತಗೊಂಡಾಕಿ ನಾನು."

ನಾನು ಸಿಟ್ಟಿನಿಂದ ನಾಲ್ಕು ದಿನ ಆಯಿಯ ಜೊತೆ ಮಾತು ಬಿಟ್ಟೆ. ಅವಳು ಮಾಡಿದ ರೊಟ್ಟಿ ಬಿಡಲಿಲ್ಲ. ಐದನೆಯ ದಿನ ಆಯಿಯೇ ನನ್ನ ತಲೆಗೆ ಎಣ್ಣೆ ಹಚ್ಚಲು ಕೂತಳು, ಮಾತು ತಾನಾಗಿ ಶುರುವಾಯಿತು. ಈ ಗುಟ್ಟು ಯಾರಿಗೂ ಹೇಳಬೇಡ ಎಂದಳು. ಇಲ್ಲಿಯ ತನಕ ಹೇಳಿರಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ.

ಇಲ್ಲಿ ನಾನು ಒಂದು ತಪ್ಪೊಪ್ಪಿಗೆ ಕೊಡಬೇಕು. ಆಯಿ ಆ ಮಾತು ಹೇಳಿದಾಗ ನನಗಿನ್ನೂ ಮೂವತ್ತು. ಹೂ ಯಾವತ್ತೋ ಬಾಡಿ ಹೋಗಿತ್ತು, ಅಜ್ಜ ಇರಲಿಲ್ಲ, ಅಪ್ಪ ಮೆತ್ತಗಾಗಿದ್ದ, ಗಂಡ ಬೇಡ ಎನ್ನುವ ಮನುಷ್ಯನಲ್ಲ. ಮರುದಿನವೇ ಹೋಗಿ ಸಂಜೆ ಕಾಲೇಜಿಗಾದರೂ ಹೆಸರು ಹಚ್ಚಬಹುದಿತ್ತು. ಹಚ್ಚಲಿಲ್ಲ. ಮೂವತ್ತು ವರ್ಷ, ಯಾರಾದರೂ 'ನೀವು ವಕೀಲರಾಗಬೇಕಿತ್ತು ನೋಡ್ರಿ' ಎಂದಾಗಲೆಲ್ಲ, 'ಏನ್ ಮಾಡೂದು, ನಮ್ಮನ್ಯಾಗ ಬಿಡಲಿಲ್ಲ' ಎಂದು ನಿಟ್ಟುಸಿರು ಬಿಟ್ಟು ಆರಾಮಾಗಿ ಇದ್ದೆ. ಆ ಎಡಕ್ಕೆ ಬಿದ್ದ ಹೂ ನನಗೆ ಎಷ್ಟು ಅನುಕೂಲವಾಗಿತ್ತು ಎಂದರೆ, ಅದು ಬಿದ್ದಿರದಿದ್ದರೆ ನಾನೇ ಬೀಳಿಸುತ್ತಿದ್ದೆನೇನೋ. ಆಯಿ ಒಂದು ಸಲ ಹೆದರಿದಳು. ನಾನು ಮೂವತ್ತು ವರ್ಷ ಹೆದರಿ, ಲೆಕ್ಕವನ್ನು ಅವಳ ಹೆಸರಿಗೆ ಬರೆದೆ. ಇದು ನನಗೆ ತಿಳಿದದ್ದು ಯಾವ ಧ್ಯಾನದಿಂದಲೂ ಅಲ್ಲ, ನಿವೃತ್ತಿಯ ಗಡಿಯಾರದ ಟಿಕ್ ಟಿಕ್‌ನಿಂದ. ಇನ್ನು ಬಿಡದವರು ಯಾರೂ ಉಳಿದಿಲ್ಲ ಎಂದು ಅದು ಹೇಳುತ್ತಿತ್ತು. ಸೆಲ್ಲು ತೆಗೆದರೂ ಕೇಳುತ್ತಿತ್ತು.

ಮರುದಿನ ಮುಂಜಾನೆ ಅರ್ಜಿಯನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟುಕೊಂಡು ಮಾಳಮಡ್ಡಿಗೆ ಹೋದೆ. ಅಣ್ಣ ಮಡಿ ಉಟ್ಟು, ವಿಭೂತಿ ಹಚ್ಚಿಕೊಂಡು, ತನ್ನದೇ ಪರೀಕ್ಷೆ ಎನ್ನುವಷ್ಟು ಗಾಬರಿಯಲ್ಲಿದ್ದ. ನನಗೆ ಪಾಪ ಅನ್ನಿಸಿತು. ಈ ಮನುಷ್ಯ ತನ್ನ ಅರವತ್ತೈದು ವರ್ಷವನ್ನು ಆ ಎರಡು ಭುಜಗಳ ಮೇಲೆ ಇಟ್ಟವನು. ಬೆಲ್ಲದ ವಿಷಯ ಹೇಳಿದರೆ ಅವನ ಕಾಲ ಕೆಳಗಿನ ನೆಲವೇ ಹೋಗುತ್ತದೆ. ಹೇಳಿ ಗೆಲ್ಲುವುದು ನನಗೆ ಬೇಕಿರಲಿಲ್ಲ.

ಈಗ ಹೂ ಅಂಟಿಸುವವರು ನಮ್ಮ ವೈನಿ, ಅಣ್ಣನ ಹೆಂಡತಿ. ಕೈ ತೊಳೆದು ಬೆಲ್ಲದ ಬಟ್ಟಲು ಹಿಡಿದು ಬಂದರು. ಅಣ್ಣ ಕಣ್ಣು ಮುಚ್ಚಿ ಕೈಮುಗಿದ. ನಾನು ಮುಚ್ಚಲಿಲ್ಲ. ವೈನಿ ಮಲ್ಲಿಗೆಯನ್ನು ನೀರಲ್ಲಿ ಅದ್ದಿದರು, ತಿರುಗಿ ನನ್ನನ್ನು ನೋಡಿದರು, ಹೆಬ್ಬೆರಳನ್ನು ಬೆಲ್ಲದ ಮೇಲೆ ಆಡಿಸಿ ಹುಬ್ಬು ಹಾರಿಸಿದರು.

"ಹಚ್ಚಲೇನ್ರಿ?" ಬರೀ ತುಟಿ ಅಲುಗಿತು.

ನನಗೆ ನಗು ತಡೆಯುವುದು ಕಷ್ಟವಾಯಿತು. ಆಯಿ ಇವರಿಗೂ ಹೇಳಿಕೊಟ್ಟು ಹೋಗಿದ್ದಾಳೆ! ಅಣ್ಣ ಗುಟ್ಕಾ ಬಿಡಬೇಕೋ ಬೇಡವೋ ಎಂದು ಐದು ಸಲ ಕೇಳಿ, ಐದೂ ಸಲ ಬಲಕ್ಕೇ ಬಿದ್ದು, ಕಡೆಗೆ ಬಿಟ್ಟದ್ದು ನೆನಪಾಯಿತು. ಮೆಲ್ಲಗೆ ವೈನಿಯ ಹತ್ತಿರ ಹೋದೆ.

"ಬ್ಯಾಡ್ರಿ ವೈನಿ."

"ಎಡಕ್ಕ ಬಿದ್ದರ?"

"ಬೀಳ್ಲಿ."

ಅವರ ಹುಬ್ಬು ಇನ್ನೂ ಮೇಲೇ ಇತ್ತು. ಯಾಕೆ ಬೇಡ ಎಂದೆ ಎಂದು ನೀವೂ ಕೇಳಬಹುದು. ಬೆಲ್ಲದ ಹೂವನ್ನು ನಂಬಿಕೊಂಡು ಹೋದರೆ, ನಪಾಸಾದ ದಿನ ವೀರಭದ್ರನ ಮೇಲೆ ಹಾಕುತ್ತೇನೆ, ಪಾಸಾದ ದಿನ ವೈನಿಯ ಹೆಬ್ಬೆರಳಿಗೆ ಕೊಡುತ್ತೇನೆ. ನನ್ನ ನಪಾಸೂ ನನ್ನ ಪಾಸೂ ಎರಡೂ ನನಗೇ ಬೇಕಿದ್ದವು. ವೈನಿ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಬರೀ ನೀರಿನಿಂದ ಎರಡೂ ಹೂ ಅಂಟಿಸಿ ಹಿಂದೆ ಸರಿದರು. ಅಣ್ಣ ಕಣ್ಣು ತೆರೆದ. ಮೂವರೂ ನೋಡುತ್ತ ನಿಂತೆವು. ಸುಳ್ಳು ಹೇಳುವುದಿಲ್ಲ, ಏನು ಬಿದ್ದರೂ ಹೋಗುವವಳೇ, ಆದರೂ ಬಲಕ್ಕೆ ಬಿದ್ದರೆ ಎಷ್ಟು ಚೆನ್ನ ಎಂದು ಒಳಗೊಳಗೇ ಆಸೆ ಇತ್ತು. ಹಿತ್ತಾಳೆಯ ಮೇಲೆ ನೀರಿನ ಒಂದು ಹನಿ ಜಾರಿತು. ಅದರ ಹಿಂದೆಯೇ ಹೂ ಬಿತ್ತು.

"ಎಡಕ್ಕ ಬಿತ್ತು ನೀಲಾ," ಎಂದ ಅಣ್ಣ, ಬಹಳ ಸಣ್ಣ ದನಿಯಲ್ಲಿ.

"ಯಾರ ಎಡಕ್ಕ? ಅವಂದೋ, ನಮ್ಮದೋ?"

"ಚ್ಯಾಷ್ಟಿ ಬ್ಯಾಡ. ಅವಂದs ಎಡ."

ನಾನು ಬಗ್ಗಿ ಜಗಲಿಯ ಮೇಲಿನಿಂದ ಆ ಹೂ ಎತ್ತಿಕೊಂಡೆ. ವೀರಭದ್ರ ಎಂದಿನಂತೆ ಮೀಸೆಯೊಳಗೆ ಏನೋ ಅಂದುಕೊಳ್ಳುತ್ತ ನಿಂತಿದ್ದ. ಕೈಮುಗಿದೆ. ಅವನ ಮೇಲೆ ನನಗೇನೂ ತಕರಾರಿಲ್ಲ, ಕೇಳಿದ್ದಕ್ಕೆ ಹೇಳಿದ್ದಾನೆ. ನಾನು ಕೇಳಲು ಬಂದವಳಾಗಿರಲಿಲ್ಲ, ಹೇಳಿ ಹೋಗಲು ಬಂದವಳು. ಹೂವನ್ನು ಪಿನ್ನಿನಲ್ಲಿ ಸಿಗಿಸಿ ತುರುಬಿಗೆ ಇಟ್ಟುಕೊಂಡೆ.

"ಏ, ಎಡಕ್ಕ ಬಿದ್ದದ್ದು ಯಾರರ ಮುಡೀತಾರೇನು!" ಅಣ್ಣ ಹೌಹಾರಿದ.

"ನಾ ಮುಡೀತೇನಿ."

"ನಾಳಿ ಏನರ ಹೆಚ್ಚುಕಮ್ಮಿ ಆದರ?"

"ಆಗಲಿ ಬಿಡು ಅಣ್ಣಾ. ಆಗೂದು ನಂದರ ಆಗತೈತಿ."

ಅವನು ಹೊರಗೆ ಬಂದು ನನ್ನ ಚಪ್ಪಲಿಯನ್ನು ಕಾಲಿನಿಂದಲೇ ತಿರುಗಿಸಿ ನನ್ನ ಕಡೆ ಇಟ್ಟ. ಸಣ್ಣವಳಿದ್ದಾಗ ಶಾಲೆಗೆ ಹೊರಟರೆ ಹೀಗೇ ಇಡುತ್ತಿದ್ದ. ಮೆಟ್ಟಿಲು ಇಳಿಯುವಾಗ ವೈನಿ ಓಡಿ ಬಂದು ನನ್ನ ಅಂಗೈಯಲ್ಲಿ ಒಂದು ಹೆಂಟೆ ಬೆಲ್ಲ ಇಟ್ಟು ಮುಷ್ಟಿ ಮುಚ್ಚಿದರು.

"ಹೂವಿಗೆ ಬ್ಯಾಡಂದ್ರಿ. ಬಾಯಾಗರ ಹಾಕ್ಕೊಂಡು ಹೋಗ್ರಿ."

ಹುಬ್ಬಳ್ಳಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅದನ್ನು ಚೂರುಚೂರಾಗಿ ತಿಂದೆ. ಬಿಸಿಲಿನಿಂದ ಬಂದವರಿಗೆ ನೀರಿನ ಜೊತೆ ಕೊಡುವ ಬೆಲ್ಲವೇ ಅದು, ಬೇರೆ ರುಚಿಯೇನೂ ಇರಲಿಲ್ಲ. ಆದರೆ ಧಾರವಾಡದಿಂದ ಹುಬ್ಬಳ್ಳಿಯ ತನಕ ಸಾಕಾಯಿತು. ದಾರಿಯುದ್ದಕ್ಕೂ ಫೈಲಿನಿಂದ ಅರ್ಜಿ ತೆಗೆದು ತೆಗೆದು ನೋಡಿದೆ. ಹೆದರಿಕೆ ಹೋಗಿರಲಿಲ್ಲ. ಸೆಕ್ಷನ್ನುಗಳು ನನ್ನ ತಲೆಯಲ್ಲಿ ನಿಲ್ಲುತ್ತವೋ ಇಲ್ಲವೋ ನನಗೆ ಗೊತ್ತಿಲ್ಲ, ಆ ಸೂಪರ್ ಹುಡುಗಿ ನಪಾಸಾದ ಆಂಟಿಯನ್ನು ಹೇಗೆ ನೋಡುತ್ತಾಳೋ ಗೊತ್ತಿಲ್ಲ. ಗೊತ್ತಿಲ್ಲದ್ದರ ಪಟ್ಟಿ ಮಾಡುತ್ತ ಕೂತರೆ ಬಸ್ಸು ಡಿಪೋ ಸೇರುತ್ತದೆ. ನನ್ನ ನಿಲ್ದಾಣದಲ್ಲಿ ನಾನು ಇಳಿದೆ.

ಕಿಟಕಿಯಲ್ಲಿ ಅದೇ ಗುಮಾಸ್ತರು. ನನ್ನ ಗುರುತು ಹಿಡಿದರು. ತುರುಬಿನ ಒಂಟಿ ಹೂವನ್ನೂ ನೋಡಿದರು. ಅರ್ಜಿ ಇಸಿದುಕೊಂಡು ಹಾಳೆ ತಿರುವಲು ಹೋದರೆ ಅದು ಅವರ ಬೆರಳಿಗೆ ಅಂಟಿಕೊಂಡು ಮೇಲೆ ಬಂತು. ಕೊಡವಿದರೂ ಬಿಡಲಿಲ್ಲ. ಮೂಲೆಯಲ್ಲಿ, ಸಹಿಯ ಪಕ್ಕದಲ್ಲಿ, ನನ್ನ ಹೆಬ್ಬೆರಳು ಕಂದು ಬಣ್ಣದಲ್ಲಿ ದುಂಡಗೆ ಮೂಡಿತ್ತು.

"ಏನ್ರಿ ಇದು ಅಂಟಂಟು?"

"ಬೆಲ್ಲ ರೀ."

"ಬೆಲ್ಲಾ?" ಅವರು ಬೆರಳು ಮೂಸಿ ನೋಡಿ, ಅರ್ಜಿಯನ್ನು ಉಳಿದವುಗಳ ಮೇಲೆ ಇಟ್ಟು ಠಪ್ಪೆಂದು ಮೊಹರು ಹೊಡೆದರು. "ಇರುವಿ ಹತ್ತತಾವ ನೋಡ್ರಿ ಇದಕ್ಕ."

"ಹತ್ತಲಿ ಬಿಡ್ರಿ," ಎಂದೆ.